ಎಜ್ರಾ ಅಂಕಲ್ ಹಿಡಿದ ಕೈ

ವಾರವಿಡೀ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಬೀಗದ ಕೈ, ಶನಿವಾರ ಬಂತೆಂದರೆ ಎಜ್ರಾ ಅಂಕಲ್ ಅವರ ಬೆಲ್ಟಿನ ಕೊಂಡಿಯಾಗುತ್ತಿತ್ತು. ಯಹೂದಿಗಳ ಸಬ್ಬತ್ ಅದು, ಎಲ್ಲ ಕೆಲಸ ಬಿಟ್ಟು ದೇವರಿಗೆ ಮೀಸಲಿಡುವ ದಿನ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಮೂಡುವವರೆಗೆ ಬೀದಿಯಲ್ಲಿ ಏನನ್ನೂ ಹೊತ್ತು ನಡೆಯುವಂತಿಲ್ಲ, ಜೇಬಿನಲ್ಲಿ ಕೀ ಕೂಡ. ಬೆಲ್ಟಿಗೆ ಸೇರಿದರೆ ಅದು ಉಡುಪು, ಹೊರೆಯಲ್ಲ. ಹಾಗೆ ಕೀಯನ್ನೇ ಉಟ್ಟುಕೊಂಡು, ಎಂಬತ್ತರ ಆ ನಿವೃತ್ತ ಗಣಿತದ ಮೇಷ್ಟ್ರು ಸ್ನೋ ಬಿದ್ದರೂ, ಅಂದು ಕಾರು ಹತ್ತುವಂತಿಲ್ಲವೆಂದು, ಪ್ರಾರ್ಥನೆಗೆ ನಡೆದೇ ಹೋಗುತ್ತಿದ್ದರು.

ಅಮೆರಿಕದ ಸಮರ್‌ಸೆಟ್‌ನಲ್ಲಿ ಅವರ ಪಕ್ಕದ ಮನೆಗೆ ನಾವು ಬಂದ ದಿನ, ನಾನು ಕೈಕುಲುಕಲು ಕೈ ಚಾಚಿದೆ. ಅವರು ತಮ್ಮ ಕೈಯನ್ನು ಎದೆಯ ಮೇಲಿಟ್ಟುಕೊಂಡು ನಕ್ಕರು. ಮನೆಯವರಲ್ಲದ ಹೆಂಗಸನ್ನು ಮುಟ್ಟಬಾರದೆಂಬ ನಿಯಮವೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ಮಾತ್ರ ನನಗೆ ಮೈಯೆಲ್ಲ ಉರಿದಿತ್ತು.

ಒಂದು ಶನಿವಾರ ಅವರಿಗೆ ಊಟವೇ ಇಲ್ಲ. ಶುಕ್ರವಾರವೇ ಫ್ರಿಜ್ಜಿನೊಳಗಿನ ಬಲ್ಬ್ ಬಿಚ್ಚಿಡುವುದನ್ನು ಮರೆತಿದ್ದರು. ಬಾಗಿಲು ತೆರೆದರೆ ದೀಪ ಹತ್ತುತ್ತದೆ, ಸಬ್ಬತ್ತಿನಲ್ಲಿ ದೀಪ ಹತ್ತಿಸುವಂತಿಲ್ಲ. ನಾನು ತೆಗೆದುಕೊಡುತ್ತೇನೆ ಎಂದೆ.

"ನನಗೋಸ್ಕರ ನೀನು ಮಾಡಿದ್ರೂ ನಾನು ಮಾಡಿಸಿದ ಹಾಗೇ ಅಲ್ವೇನಮ್ಮ? ಒಂದು ದಿನ ಬ್ರೆಡ್ಡು, ಬಾದಾಮಿ ತಿಂದ್ರೆ ಯಾರೂ ಸಾಯಲ್ಲ."

ಮಡಿಯಲ್ಲಿ ನಮ್ಮೂರನ್ನೇ ನಡುಗಿಸಿದ ನನ್ನ ಅಜ್ಜಿಯೂ ಇವರ ಮುಂದೆ ಸೋಲಬೇಕು ಎಂದುಕೊಂಡು ನಕ್ಕಿದ್ದೆ.

ಆಮೇಲೆ ಆ ಸೆಪ್ಟೆಂಬರ್ ಶನಿವಾರ ಬಂತು. ನನ್ನ ಗಂಡ ಸತೀಶ ಮನೆಯಲ್ಲಿರಲಿಲ್ಲ. ಹಿತ್ತಲಲ್ಲಿ ಟೊಮೆಟೊ ಕೀಳುತ್ತಿದ್ದಾಗ ಕುತ್ತಿಗೆಗೆ ಕಣಜ ಕಚ್ಚಿತು. ನಿಮಿಷದಲ್ಲಿ ಗಂಟಲು ಊದಿ, ಉಸಿರು ಕಟ್ಟಿ ನೆಲಕ್ಕೆ ಬಿದ್ದೆ. ಬೇಲಿಯಾಚೆ ಓದುತ್ತ ಕೂತಿದ್ದ ಅಂಕಲ್ ಓಡಿಬಂದರು. ಫ್ರಿಜ್ಜಿನ ದೀಪಕ್ಕೆ ಹೆದರಿದ ಆ ಮನುಷ್ಯ ನನ್ನ ಫೋನ್ ಕಿತ್ತುಕೊಂಡು ಆಂಬುಲೆನ್ಸಿಗೆಂದು 911 ಒತ್ತಿದರು. ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದರು. "ಉಸಿರಾಡು. ನನ್ನ ಜೊತೆ ಎಣಿಸು, ಒಂದು, ಎರಡು..." ಆಂಬುಲೆನ್ಸಿನಲ್ಲೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್ನಿನಿಂದ ಬದುಕಿದೆ. ಸಂಜೆ ಹೊರಡುವಾಗ, ಸುದ್ದಿ ತಿಳಿದು ಬಂದಿದ್ದ ಸತೀಶ ಎಷ್ಟು ಕರೆದರೂ ಅಂಕಲ್ ನಮ್ಮ ಕಾರು ಹತ್ತಲಿಲ್ಲ.

"ಬರುವಾಗ ಇವಳ ಜೀವ ಹೋಗ್ತಿತ್ತು. ಜೀವ ಉಳಿಸೋದಕ್ಕೆ ಯಾವ ನಿಯಮಾನೂ ಅಡ್ಡ ಬರಲ್ಲ. ಈಗ ಹೋಗ್ತಿರೋದು ನನ್ನ ಹೊತ್ತು ಮಾತ್ರ. ನೀವು ಹೊರಡಿ."

"ಏನ್ ಜನಾನೇ ಇವ್ರು! ಆಂಬುಲೆನ್ಸ್ ಓಕೆ ಅಂತೆ, ನಮ್ ಕಾರ್ ಬೇಡ್ವಂತೆ," ಎಂದ ಸತೀಶ, ಕಣ್ಣೊರೆಸಿಕೊಳ್ಳುತ್ತ.

ನಕ್ಷತ್ರ ಮೂಡುವವರೆಗೆ ಅವರು ಆಸ್ಪತ್ರೆಯ ಕುರ್ಚಿಯಲ್ಲೇ ಕೂತಿದ್ದರು. ನಿಯಮ ಬಿಡುವುದಕ್ಕೆ ಒಂದು ಕ್ಷಣ ಯೋಚಿಸಲಿಲ್ಲ, ಮತ್ತೆ ಹಿಡಿಯುವುದಕ್ಕೂ ಯೋಚಿಸಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಮರುದಿನ ಥ್ಯಾಂಕ್ಸ್ ಹೇಳಲು ಹೋದವಳು ಮೈಮರೆತು ಕೈ ಚಾಚಿದೆ. ಅವರ ಕೈ ಎದೆಗೆ ಹೋಯಿತು.

"ಈಗ ಚೆನ್ನಾಗಿದ್ದೀಯಲ್ಲ, ಇನ್ನು ಕೈ ಯಾಕೆ?"

ಕಳೆದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಕೊನೆಯ ಬಾರಿ ನೋಡಲು ಹೋದಾಗ ಅವರ ಮಗಳು ಪಕ್ಕದಲ್ಲಿ ಕೂತಿದ್ದಳು. ಮಾತು ನಿಂತಿತ್ತು, ಗುರುತು ಇತ್ತು. ಹೊದಿಕೆಯ ಮೇಲೆ ಬಿದ್ದಿದ್ದ ಅವರ ಕೈ ತೀರಾ ಸಣ್ಣದಾಗಿತ್ತು. ಅದನ್ನು ಹಿಡಿದುಕೊಳ್ಳಬೇಕೆಂದು ನನ್ನ ಜೀವ ಒದ್ದಾಡಿತು. ಹಿಡಿಯಲಿಲ್ಲ. ನನ್ನ ಕೈಯನ್ನು ನನ್ನ ಎದೆಯ ಮೇಲಿಟ್ಟುಕೊಂಡೆ. ಅವರು ನಕ್ಕರು.