ಅಂಕಮ್ಮನ ಮನೆಗೆ ಬಂದ ಮುಯ್ಯಾಳು

ಅಂಕಮ್ಮನ ಬಾಯಿ ನೆಟ್ಟಗಿಲ್ಲ ಎಂದು ಕುದೂರಿನ ಆಚೀಚೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ಬೇರೆಯವರು ಹೇಳಿದರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಅವಳನ್ನು ‘ಅವರು’ ಎಂದು ಬರೆಯಬೇಕೆಂದು ನನಗೂ ಆಸೆ. ಮೊದಲ ದಿನ ‘ಬನ್ನಿ, ಕೂತ್ಕೊಳ್ಳಿ’ ಎಂದದ್ದಕ್ಕೆ, “ನಾನೇನ್ ನಿಮ್ಗೆ ಇಬ್ರಂಗೆ ಕಾಣ್ತೀನಾ?” ಎಂದು ಜಗಳಕ್ಕೇ ಬಂದಿದ್ದಳು.

ನನ್ನ ಹೆಸರು ನಿಖಾತ್. ರಾಮನಗರದವಳು, ರೇಷ್ಮೆ ನೂಲು ಬಿಚ್ಚುವವರ ಮಗಳು. ಕುದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಡವರ ಮಕ್ಕಳಿಗಾಗಿ ಟ್ರಸ್ಟೊಂದು ಸಂಜೆ ಪಾಠ ನಡೆಸುತ್ತದೆ. ಅಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ, ಅಂಕಮ್ಮ ಮಕ್ಕಳಿಗೆ ಹುರುಳಿಕಾಳು ಬೇಯಿಸಿ ಕೊಡುತ್ತಾಳೆ. ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತು, ಮಕ್ಕಳಿಲ್ಲ, ಹೊಲವಿಲ್ಲ. ಊರಾಚೆ ಒಂದು ಹೆಂಚಿನ ಮನೆ ಇದೆ, ಅಷ್ಟೆ.

ಕಾಳು ಬೇಯಿಸುವುದು ಅವಳ ಸಂಬಳದ ಕೆಲಸ. ನಿಜವಾದ ಕೆಲಸ ಬೇರೆ. ಪಾಠಕ್ಕೆ ಬಾರದ ಮಗುವಿನ ಮನೆಗೆ ಹೋಗಿ ಜಗುಲಿಯ ಮೇಲೆ ಕೂತುಬಿಡುತ್ತಾಳೆ. ಎಲೆಅಡಿಕೆ ಚೀಲ ಬಿಚ್ಚಿ, ಹೊಗೆಸೊಪ್ಪು ತಿಕ್ಕಿ ಬಾಯಿಗೆ ಹಾಕಿಕೊಂಡಳೆಂದರೆ ಮುಗಿಯಿತು, ಮಗುವನ್ನು ಕಳಿಸುವವರೆಗೂ ಜಪ್ಪಯ್ಯ ಅಂದರೂ ಏಳುವುದಿಲ್ಲ. ಒಮ್ಮೆ ಗಂಗಹನುಮಯ್ಯ ಮಗನನ್ನು ಹುಲ್ಲಿನ ಅಟ್ಟದಲ್ಲಿ ಬಚ್ಚಿಟ್ಟು, “ಅವ್ನು ಮಾಗಡಿಗೆ ಹೋಗವ್ನೆ” ಎಂದನಂತೆ. ಅಂಕಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ, “ಮಾಗಡೀಲಿ ಸೀನಿದ್ದು ಇಲ್ಲೀಗಂಟ ಕೇಳ್ಸ್ತದಲ್ಲಪ್ಪ, ಇಳ್ಸು ಕೆಳೀಕೆ” ಎಂದಳಂತೆ.

ಹೋದ ವರ್ಷ ಮಮತಾ ಎಸ್ಸೆಸ್ಸೆಲ್ಸಿಯಲ್ಲಿದ್ದಳು. ಲೆಕ್ಕವೆಂದರೆ ನೀರು ಕುಡಿದಂತೆ ಮಾಡುವ ಹುಡುಗಿ. ಅಪ್ಪ ಇಲ್ಲ. ತಾಯಿ ಚಿಕ್ಕತಾಯಮ್ಮ ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಗೂಡು ಮಾರಿ ಮನೆ ನಡೆಸುತ್ತಿದ್ದಳು. ಗಣಿತ ಪರೀಕ್ಷೆ ಸೋಮವಾರವಿತ್ತು. ಬಿಸಿಲು ಜಾಸ್ತಿಯಾಗಿ ಹುಳುಗಳೂ ಸೋಮವಾರಕ್ಕೇ ಹಣ್ಣಾಗುವ ಹಾಗೆ ಕಾಣುತ್ತಿದ್ದವು.

ಹೀಗೆ ಹಣ್ಣಾಗಿ ನೂಲು ಬಿಡಲು ಸಿದ್ಧವಾದ ಹುಳುವನ್ನು ಅದೇ ದಿನ ಒಂದೊಂದಾಗಿ ಆಯ್ದು, ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಂಕಿಗೆ ಬಿಡಬೇಕು. ತಡವಾದರೆ ಸೊಪ್ಪಿನೊಳಗೇ ನೂಲು ಸುತ್ತಿ ಬೆಳೆ ಕೆಡುತ್ತದೆ. ಅದಕ್ಕೇ ಹಳ್ಳಿಯಲ್ಲಿ ಮುಯ್ಯಿ ಇದೆ. ಇವತ್ತು ನಮ್ಮ ಮನೆಗೆ ನೀವು ಬನ್ನಿ, ನಾಳೆ ನಿಮ್ಮ ಮನೆಗೆ ನಾವು ಬರುತ್ತೇವೆ ಎನ್ನುವ ಲೆಕ್ಕ. ಆದರೆ ಈ ಸಲ ಊರಿನವರೆಲ್ಲ ಒಂದೇ ದಿನ ಮರಿಹುಳು ತಂದಿದ್ದರು. ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣು. ಚಿಕ್ಕತಾಯಮ್ಮನ ಮನೆಗೆ ಬರಲು ಒಂದು ನರಪಿಳ್ಳೆಯೂ ಇರಲಿಲ್ಲ.

ನಾನೂ ಅಂಕಮ್ಮನೂ ಹೋಗಿ ಜಗುಲಿಯಲ್ಲಿ ಕೂತೆವು.

“ಪರೀಕ್ಷೆ ತಪ್ಪುದ್ರೆ ಇನ್ನೊಂದ್ಸಲ ಬರೀಬೌದಂತಲ್ಲ ಟೀಚರಮ್ಮ,” ಎಂದಳು ಚಿಕ್ಕತಾಯಮ್ಮ. “ಹುಳಕ್ಕೆ ಇನ್ನೊಂದ್ಸಲ ಐತಾ? ನೀವೇ ಹೇಳಿ.”

ನನಗೆ ಸಿಟ್ಟು ಬಂತು. ಇನ್ನೊಂದು ಸಲ ಬರೆಯುತ್ತೇನೆ ಎಂದು ಮನೆಯಲ್ಲಿ ನಿಂತ ಹೆಣ್ಣುಮಕ್ಕಳು ಮತ್ತೆ ಪೆನ್ನು ಹಿಡಿದದ್ದನ್ನು ನಾನಂತೂ ಕಂಡಿಲ್ಲ. ಮಮತಾ ಒಳಗೆ ಸೊಪ್ಪು ಹಾಕುತ್ತಿದ್ದಳು. ನಮ್ಮ ಮಾತೆಲ್ಲ ಕೇಳಿಸುತ್ತಿತ್ತು, ತಲೆ ಮಾತ್ರ ಎತ್ತಲಿಲ್ಲ.

“ನಾನ್ ಬತ್ತೀನಿ ಕಣೇ ಹುಳ ಆಯಕ್ಕೆ,” ಎಂದಳು ಅಂಕಮ್ಮ. “ನಂಗೇನು ಹುಳವಾ, ಹೊಲವಾ?”

“ನೀನಾ? ಬಾಯ್ತುಂಬ ಹೊಗೆಸೊಪ್ಪು ತುಂಬ್ಕೊಂಡು? ನಿನ್ ಕೈ ಸೋಕುದ್ರೆ ನನ್ ಹುಳ ಒಂದೂ ಉಳ್ಯಾಕಿಲ್ಲ ಅಂಕಕ್ಕ.”

ಅದು ಸುಳ್ಳಲ್ಲ. ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ. ತಿಂದವರ ಬೆರಳು ತಾಕಿದರೂ ಹುಳು ಒದ್ದಾಡಿ ಸಾಯುತ್ತದೆ. ಅಂಕಮ್ಮ ಚೀಲ ಸುತ್ತಿಕೊಂಡು ಎದ್ದು ಹೋದಳು. ಅವಳು ಬೈಯದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ಸಂಜೆ ಬಂದವಳೇ ಎಲೆಅಡಿಕೆ ಚೀಲವನ್ನು ನನ್ನ ಮಡಿಲಿಗೆ ಎಸೆದಳು. “ಮಡಿಕ್ಕಳಿ. ನಾನ್ ಕೇಳುದ್ರೂ ಕೊಡ್ಬ್ಯಾಡಿ. ಕಾಲಿಗ್ ಬಿದ್ರೂ ಕೊಡ್ಬ್ಯಾಡಿ.”

ಅಯ್ಯೋ, ಆ ನಾಲ್ಕಾರು ದಿನ ನಾವು ಪಟ್ಟ ಪಾಡು! ಕಾಳು ಹೊತ್ತಿತು. ಸೌಟು ಹಾರಿತು. ಉಪ್ಪು ಸಾಲದು ಎಂದ ಹುಡುಗನಿಗೆ ಅವನ ಮೂರು ತಲೆಮಾರು ಸೇರಿಸಿ ಬೈಗುಳವಾಯಿತು. ಶನಿವಾರ ನನ್ನ ಮುಂದೆ ಬಂದು ನಿಂತಳು. ಅಂಗೈ ಒಡ್ಡಿದಳು.

“ಒಂದೇ ಒಂದು ಎಳೆ ಕೊಡವ್ವ.”

“ಇಲ್ಲ ಅಜ್ಜಿ.”

“ನಿನ್ ಕೈ ಸೇದೋಗ! ಯಾವ್ ಜನ್ಮದ್ ಹಗೆಯೇ ನೀನು?” ಎಂದವಳು ಅಲ್ಲೇ ಕುಸಿದು ಕೂತು, “ತಲೆ ಸಿಡೀತೈತೆ ಕಣವ್ವ,” ಎಂದು ಮಗುವಿನ ಹಾಗೆ ಅತ್ತಳು. ನನಗೂ ಅಳು ಬಂತು. ಹರಳೆಣ್ಣೆ ತಂದು ಅವಳ ನೆತ್ತಿಗೆ ತಟ್ಟಿದೆ. ಮಮತಾ ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದವಳು ಎದ್ದು ಬಂದು ಅವಳ ಕಾಲು ಒತ್ತಿದಳು. “ಹೋಗೇ, ಲೆಕ್ಕ ಮಾಡೋಗು,” ಎಂದು ಅವಳಿಗೂ ಬೈಗುಳ ಬಿತ್ತು.

ಸೋಮವಾರ ಬೆಳಿಗ್ಗೆ ಅಂಕಮ್ಮ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಚಿಕ್ಕತಾಯಮ್ಮನ ಹುಳುಮನೆಯ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದಳು. ಚಿಕ್ಕತಾಯಮ್ಮ ಬೆರಳುಗಳನ್ನು ಮೂಗಿಗೆ ಹಿಡಿದು ಮೂಸಿದಳು. ಸೆರಗು ಮೂಸಿದಳು. “ಎಲ್ಲಿ, ಬಾಯಿ ಆ ಅನ್ನು,” ಎಂದಳು. ಅಂಕಮ್ಮ ‘ಆ’ ಎಂದಳು. ನನಗೆ ನಗು ತಡೆಯಲಾಗಲಿಲ್ಲ.

“ಬಾ ಅಂಕಕ್ಕ ಒಳೀಕೆ,” ಎಂದಳು ಚಿಕ್ಕತಾಯಮ್ಮ.

ಒಳಗೆ ಹುಳುಗಳೆಲ್ಲ ಹಳದಿ ತಿರುಗಿ ತಲೆ ಎತ್ತಿಕೊಂಡಿದ್ದವು. ಮಮತಾ ಆಗಲೇ ಯೂನಿಫಾರಂ ಹಾಕಿಕೊಂಡೇ ಕುಕ್ಕರುಗಾಲಲ್ಲಿ ಕೂತು ಆಯುತ್ತಿದ್ದಳು.

“ಏಳೇ ಮೇಲೆ!” ಎಂದು ಗದರಿದಳು ಅಂಕಮ್ಮ.

“ಇಷ್ಟೊಂದ್ ಐತಲ್ಲಜ್ಜಿ. ನಿಮ್ಮಿಬ್ರಿಗೇ ಆಗಾಕಿಲ್ಲ.”

“ಆಯ್ತದೋ ಇಲ್ವೋ ಅದು ನನ್ ಕರ್ಮ. ಬಸ್ ಬತ್ತೈತೆ, ಹೋಗು. ನೀನು ಇಲ್ಲಿ ಕೂತ್ರೆ ನಾನು ಹೊಗೆಸೊಪ್ಪು ಬುಟ್ಟಿದ್ದು ಮಣ್ಣು ತಿನ್ನಕ್ಕಾ?”

ಮಮತಾ ತಾಯಿಯ ಮುಖ ನೋಡಿದಳು. ಚಿಕ್ಕತಾಯಮ್ಮ ಮಗಳ ಕೈಯಿಂದ ತಟ್ಟೆ ಈಸಿಕೊಂಡು, “ಹೋಗ್ಬುಟ್ಟು ಬಾ ಮಗ,” ಎಂದಳು.

ಅವಳನ್ನು ಕುದೂರಿನ ಪರೀಕ್ಷಾ ಕೇಂದ್ರಕ್ಕೆ ಬಿಟ್ಟು ನಾನು ಓಡಿ ಬಂದೆ. ಕೈ ಸೇರಿಸೋಣವೆಂದರೆ ಬಾಗಿಲಲ್ಲೇ ತಡೆದರು, ನನ್ನ ದುಪಟ್ಟಾದ ಅತ್ತರಿನ ಘಮಕ್ಕೆ ಹುಳು ಕೆಡುತ್ತದಂತೆ! ಹೊರಗೆ ನಿಂತು ತುಂಬಿದ ಚಂದ್ರಂಕಿಗಳನ್ನು ಈಸಿಕೊಂಡು ಚಪ್ಪರದ ನೆರಳಿಗೆ ಒರಗಿಸಿಟ್ಟೆ. ಅಂಕಮ್ಮ ನೀರು ಕುಡಿಯಲೂ ಏಳಲಿಲ್ಲ.

ಇಳಿಹೊತ್ತಿಗೆ ಮಮತಾ ಬಂದಾಗ ಕೊನೆಯ ತಟ್ಟೆ ನಡೆದಿತ್ತು.

“ಬರ್ದ್ಯಾ?”

“ಬರ್ದೆ ಅಜ್ಜಿ.”

“ಎಲ್ಲಾನೂವಾ?”

“ಎಲ್ಲಾನೂ.”

ಅಂಕಮ್ಮ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಚಿಕ್ಕತಾಯಮ್ಮ ಅವಳಿಗೆ ಮುದ್ದೆ ಬಡಿಸುತ್ತ, “ಈ ಮುಯ್ಯಿ ನಾನೆಂಗೆ ತೀರುಸ್ಲಿ ಅಂಕಕ್ಕ?” ಎಂದಳು.

“ಬುಡತ್ಲಾಗೆ. ಇಷ್ಟು ವರ್ಸದಲ್ಲಿ ನಮ್ಮನೆಗೆ ಯಾವ್ ಮುಯ್ಯಾಳು ಬಂದಿದ್ದಾರು? ಕೂಲಿಯೋರ್ ಮನೆಗೆ ಎಲ್ಲಿ ಮುಯ್ಯಿ?”

ಚಿಕ್ಕತಾಯಮ್ಮ ಇನ್ನೊಂದು ಮುದ್ದೆ ಇಟ್ಟಳು.

ಮರುದಿನವೇ ಅಂಕಮ್ಮ ಚೀಲ ಕಿತ್ತುಕೊಂಡು ಹೋದಳೆನ್ನಿ, ಸುಳ್ಳು ಯಾಕೆ ಹೇಳಲಿ? ಮಮತಾ ಒಳ್ಳೆಯ ಅಂಕ ಪಡೆದು ಪಾಸಾದಳು, ಮಾಗಡಿಯ ಕಾಲೇಜಿಗೆ ಸೇರಿದಳು.

ಈ ವರ್ಷ ಮಳೆಗೆ ಮುಂಚೆ ಅಂಕಮ್ಮನ ಮನೆಯ ಹೆಂಚು ಇಳಿಸಿ, ಒಡೆದದ್ದು ಬದಲಿಸಿ ಕೈಯಾಡಿಸಬೇಕಿತ್ತು. ಕೂಲಿಗೆ ಯಾರೂ ಸಿಗದೆ, ತಾನೇ ಏಣಿ ಇಟ್ಟುಕೊಂಡು ಒದ್ದಾಡುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಚಿಕ್ಕತಾಯಮ್ಮ ಬಂದಳು, ಬೀದಿಯ ಹೆಂಗಸರನ್ನೂ ಕರೆತಂದಿದ್ದಳು. ಹಿಂದೆಯೇ ಮಮತಾ, ಸೊಂಟಕ್ಕೆ ದುಪಟ್ಟಾ ಬಿಗಿದುಕೊಂಡು.

“ನೀನ್ಯಾಕೆ ಬಂದ್ಯೆ? ಓದೋದಿಲ್ವಾ?” ಎಂದು ರೇಗಿದಳು ಅಂಕಮ್ಮ.

“ಮುಯ್ಯಿಗ್ ಬಂದೀನಿ ಅಜ್ಜಿ,” ಎಂದು ಮಮತಾ ಏಣಿ ಹತ್ತಿದಳು.

ಅಂಕಮ್ಮ ಬೈಯಲು ಬಾಯಿ ತೆರೆದಳು, ಬೈಗುಳ ಬರಲಿಲ್ಲ. ಓಡಿ ಹೋಗಿ ಒಲೆ ಹಚ್ಚಿದಳು. ಇದ್ದ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿದುಕೊಂಡು ಬಾಗಿಲಲ್ಲಿ ಕೂತಳು. ಕಣ್ಣಲ್ಲಿ ನೀರು ಹರಿಯುತ್ತಲೇ ಇತ್ತು. ಹಾದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ನಿಲ್ಲಿಸಿ, “ನಮ್ಮನೇಲಿ ಇವತ್ತು ಮುಯ್ಯಾಳ್ಗೆ ಅಡಿಗೆ ಕಣ್ರೋ!” ಎಂದು ಹೇಳುತ್ತಿದ್ದಳು.