ಅಲ್ಲೇ ನಿಂತು ಮಾತಾಡ್ರಿ

ನಮ್ಮ ಕಡೆ ಯಾರಾದರೂ ಕಾಯಿಲೆ ಬಿದ್ದರೆ ಮಾತಾಡಿಸಲು ಹೋಗಲೇಬೇಕು. ಮದುವೆಗೆ ಹೋಗದಿದ್ದರೆ ಕ್ಷಮೆಯುಂಟು, ಇದಕ್ಕಿಲ್ಲ. ‘ನಾ ಬಿದ್ದಾಗ ಹಣಿಕಿ ಸೈತ ಹಾಕ್ಲಿಲ್ಲ’ ಎಂಬ ಮಾತು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಅವ್ವನ ಒಂದು ಕಿಡ್ನಿಯನ್ನು ನನಗೆ ಜೋಡಿಸಿದ ಮೇಲೆ ನಾನು ಸವಣೂರಿನ ಸೀರೆ ಅಂಗಡಿಯ ಕೆಲಸಕ್ಕೆ ಮರಳಿದೆ. ಹೊರಗಿನಿಂದ ಬಂದ ಕಿಡ್ನಿಯನ್ನು ಮೈ ಒಲ್ಲೆ ಅನ್ನಬಾರದೆಂದು, ಮೈಯ ಕಾವಲನ್ನೇ ಮಲಗಿಸುವ ಗುಳಿಗೆಗಳನ್ನು ಜೀವನಪೂರ್ತಿ ನುಂಗಬೇಕು. ಕಾವಲು ಮಲಗಿದ ಮನೆಗೆ ನೆಗಡಿಯೂ ಕಳ್ಳನೇ. ಡಾಕ್ಟರು ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಹೇಳಿದ್ದರು, ಮಂದಿಯಿಂದ ದೂರ ಇರಿ ಎಂದು. ಸೀರೆ ಅಂಗಡಿಯಲ್ಲಿ ಮಂದಿಯಿಂದ ದೂರ ಇರುವುದು ಹೇಗೆಂದು ಮಾತ್ರ ಅವರು ಹೇಳಲಿಲ್ಲ.

ನಾನು ಬಂದ ಸುದ್ದಿ ಹರಡಿತು. ಗಿರಾಕಿಗಳು ಸೀರೆ ಬಿಟ್ಟು ನನ್ನನ್ನೇ ನೋಡಲು ಬಂದರು. ಬಂಕಾಪುರದ ಹಳೆಯ ಗಿರಾಕಿಯೊಬ್ಬಳು ಜ್ವರದಲ್ಲೇ ಬಸ್ಸು ಹತ್ತಿ ಬಂದಳು. “ನಾಳೆ ನೀ ಬರ್ಲಿಲ್ಲ ಅನಬಾರ್ದ ನೋಡವಾ” ಎಂದು ಕೆಮ್ಮುತ್ತಲೇ ನನ್ನ ಕೆನ್ನೆ ಸವರಿ, ಆ ಕೈಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿದಳು. ಆ ವಾರವೇ ನಾನು ಹುಬ್ಬಳ್ಳಿಯ ಆಸ್ಪತ್ರೆ ಸೇರಿದೆ.

ಕಿಡ್ನಿ ಉಳಿಯಿತು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅವ್ವನ ಹತ್ತಿರ ಕೊಡಲು ಇನ್ನೊಂದಿಲ್ಲ. ಅವಳು ಮಂಚದ ಪಕ್ಕ ಕೂತು ಅಳುತ್ತಿದ್ದಳು, ನಾನು ಸಲಾಯಿನ್ ಬಾಟಲಿ ನೋಡುತ್ತಿದ್ದೆ. ಆಪರೇಷನ್ ಆದಾಗಿನಿಂದ ನನ್ನೊಳಗೆ ಏನೋ ಮರಗಟ್ಟಿತ್ತು. ಹೆದರಿಕೆ ಬರಲಿಲ್ಲ, ಅಳುವೂ ಬರಲಿಲ್ಲ. ಯಾರದೋ ಮಗಳಿಗೆ ಹುಷಾರಿಲ್ಲ ಅನ್ನುವ ಹಾಗಿತ್ತು.

ಕೆಲಸ ಬಿಡುತ್ತೇನೆಂದು ಸಾಹುಕಾರರಿಗೆ ಫೋನ್ ಮಾಡಿದೆ.

“ಮನ್ಯಾಗ ಕುಂತು ಏನ್ ಮಾಡಾಕಿ? ಹುಚ್ಚಿ ಆಗ್ತಿ. ಕೆಲಸ ಬಿಡಬ್ಯಾಡ, ಕೂಡೋ ಜಾಗಾ ಬದಲ್ ಮಾಡೂಣು” ಎಂದರು.

ಅಂಗಡಿಯ ಅಟ್ಟದ ಮೇಲೆ ಕಿಟಕಿಯಿದ್ದ ಕೋಣೆಯಲ್ಲಿ ಖಾಲಾ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ವಯಸ್ಸಾದ ಹೆಂಗಸು, ಅಂಗಡಿಯವರೆಲ್ಲರಿಗೂ ಖಾಲಾ, ಚಿಕ್ಕವ್ವ. ಆ ಕೋಣೆಯನ್ನು ನನಗೆ ಬಿಟ್ಟುಕೊಟ್ಟು ಹೊಲಿಗೆ ಮಷಿನನ್ನು ಮೆಟ್ಟಿಲ ಬುಡಕ್ಕೆ ಇಳಿಸಿಕೊಂಡಳು. ನಾನು ನಮ್ಮೂರು ಶಿಗ್ಗಾಂವಿಯಿಂದ ಗದ್ದಲ ಇಳಿದ ಮೇಲಿನ ಬಸ್ಸಿಗೆ ಬಂದು, ಹಿಂದಿನ ಬಾಗಿಲಿನಿಂದ ಅಟ್ಟ ಹತ್ತಿ, ಹಿರೇಕೆರೂರು, ಹಾನಗಲ್ಲಿನ ಗಿರಾಕಿಗಳಿಗೆ ಫೋನಿನ ವಿಡಿಯೋದಲ್ಲೇ ಸೀರೆಗಳ ಮಡಿಕೆ ಬಿಚ್ಚಿ ತೋರಿಸುತ್ತಿದ್ದೆ. ಅಂಗಡಿಯಲ್ಲಿ ಯಾರಿಗಾದರೂ ಗಂಟಲು ಕೆರೆದರೆ ಅವರಿಗೆ ಅಂದು ರಜೆ.

ಮಾತಾಡಿಸಲು ಬಂದವರಿಗೆ ಕೆಳಗೆ ಖಾಲಾ ಇದ್ದಳು. “ಅಲ್ಲೇ ನಿಂತು ಮಾತಾಡ್ರಿ! ಮ್ಯಾಲ ಕಾಲಿಟ್ರ ಕಾಲ್ ಮುರೀತೇನಿ!” ಪಾಪ, ಅವರು ಮೆಟ್ಟಿಲ ಕೆಳಗೆ ನಿಂತು ‘ಆರಾಮದೀಯೇನವಾ’ ಎಂದು ಕೂಗುವರು, ನಾನು ಮೇಲಿನಿಂದ ‘ಹೂಂ’ ಅನ್ನುವೆನು. ಖಾಲಾಳಿಗೆ ಎಷ್ಟೋ ಮಂದಿ ಮುನಿಸಿಕೊಂಡರು. ಅವಳ ಬಗ್ಗೆ ನನಗೆ ಉಪಕಾರದ ಭಾವನೆ ಬರಬೇಕಿತ್ತು. ಅದೂ ಬರಲಿಲ್ಲ. ಮಧ್ಯಾಹ್ನ ನಾನು ಮೇಲೆ, ಅವಳು ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು.

“ರೊಟ್ಟಿ ತಿಂದಿ?” ಎಂದು ಅವಳು ಕೂಗುವಳು.

“ಇಲ್ಲ, ಕಿಟಕಿಯಿಂದ ಒಗದೆ” ಅನ್ನುವೆ.

ಒಂದು ದಿನ ಮಷಿನಿನ ಸದ್ದಿಲ್ಲ. ಹೇಳದೆ ಕೇಳದೆ ಖಾಲಾ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ್ದಳು. ಆಮೇಲೆ ತಿಳಿಯಿತು, ಕೆಮ್ಮು ಶುರುವಾದ ದಿನವೇ ಮನೆಯಲ್ಲಿ ಕೂತಿದ್ದಳು. ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂತು. ನನಗೂ ಪರೀಕ್ಷೆ ಮಾಡಿಸಿದರು, ಏನೂ ಹತ್ತಿರಲಿಲ್ಲ.

ಅಂಗಡಿಯವರೆಲ್ಲ ಹೋಗಿ ಅವಳನ್ನು ಮಾತಾಡಿಸಿ ಬಂದರು. ಹೋಗದವಳು ನಾನೊಬ್ಬಳೇ. “ಅಷ್ಟ್ ಮಾಡಿದಾಕಿನ್ನ ಮಾತಾಡ್ಸಾಕ ಹೋಗಿಲ್ಲ ನೋಡು” ಎಂದು ಮೆಟ್ಟಿಲ ಬುಡದಲ್ಲಿ ಯಾರೋ ಅಂದದ್ದು ಅಟ್ಟಕ್ಕೆ ಚೆನ್ನಾಗಿ ಕೇಳಿಸಿತು. ಕೇಳಲೆಂದೇ ಅಂದಿರಬೇಕು. ಸಿಟ್ಟು ಬಂತು. ಬಹಳ ದಿನದ ಮೇಲೆ ಏನೋ ಒಂದು ಬಂತಲ್ಲ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮಾಸ್ಕ್ ಹಾಕಿಕೊಂಡು ಅವಳ ಓಣಿಗೆ ಹೋದೆ. ಹೋಗಬಾರದಿತ್ತು ಅನ್ನಿ. ಮನೆಯೆದುರು, ಓಣಿಯ ಈಚೆ ಬದಿಗೆ ನಿಂತು ಕೂಗಿದೆ. ಬಾಗಿಲ ಪರದೆ ಸರಿಸಿ ಖಾಲಾ ಹೊಸ್ತಿಲ ಒಳಗೇ ನಿಂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇದ್ದಬದ್ದ ದನಿಯಲ್ಲಿ ಗದರಿದಳು.

“ಅಲ್ಲೇ ನಿಂತು ಮಾತಾಡು! ಈಕಡಿ ಬಂದ್ರ ಕಾಲ್ ಮುರೀತೇನಿ! ಯಾಕ ಬಂದಿ?”

“ಮಾತಾಡ್ಸಾಕ.”

“ಹಂಗಾರ ಮಾತಾಡು.”

ಬಾಯಿ ತೆರೆದೆ. ಅಳು ಬಂತು. ಅವ್ವನಿಗಾಗಿ ಅಳದಿದ್ದದ್ದು, ನನಗಾಗಿ ಅಳದಿದ್ದದ್ದು ಎಲ್ಲ ಸೇರಿ ಆ ಓಣಿಯಲ್ಲಿ, ಹಾದುಹೋಗುವವರ ಎದುರಿಗೆ ಬಂತು. ಖಾಲಾ ಹೊಸ್ತಿಲ ಒಳಗಿನಿಂದಲೇ ಎರಡೂ ಕೈ ಚಾಚಿ, ನನ್ನ ಕೆನ್ನೆ ಅಲ್ಲೇ ಇದೆಯೇನೋ ಅನ್ನುವ ಹಾಗೆ ಗಾಳಿಯನ್ನು ಸವರಿದಳು. ಕೈಗಳನ್ನು ತನ್ನ ಕಣತಲೆಗೆ ಒತ್ತಿಕೊಂಡಳು. ನೆಟಿಗೆ ಮುರಿದ ಸದ್ದು ಓಣಿ ದಾಟಿ ನನ್ನ ತನಕ ಬಂತು.