ಎರಡು ಮೂತಿಯ ದೋಣಿಗೆ ಇಂಜಿನ್ನು ಕಟ್ಟಿದ್ದು

ಚಿನ್ನೂ, ಗುಂಡ್ಯಾ, ಪುಟ್ಟವ್ವಾ,

ಹೋದ ಸಲ ಸೂಟಿಗೆ ಬಂದಾಗ ನೀವು ಪಡಸಾಲೆಯ ಗೋಡೆಗೆ ಬಡಿದಿರುವ ಕಬ್ಬಿಣಕ್ಕೆ ಒದ್ದೆ ಟವೆಲ್ಲು ನೇತುಹಾಕುತ್ತಿದ್ದಿರಿ. ಇದು ನೇಗಿಲಿನದೋ ಗಾಡಿಯದೋ ಎಂದು ಕೇಳಿದಿರಿ. ನಾನು ದೋಣಿಯದು ಎಂದೆ. ದೋಣಿಯಲ್ಲಿ ಇಂಥದ್ದು ಎಲ್ಲಿರುತ್ತದೆ ಅಜ್ಜಿ ಎಂದು ನಕ್ಕಿರಿ. ಬಾಯಿಂದ ಹೇಳುವುದು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ಕಲಿತಷ್ಟೇ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ನನ್ನ ತವರು ಮುಂಡಗೋಡದ ಕಡೆಯ ಹಳ್ಳಿ. ಅಲ್ಲಿ ಕೆರೆ ಇತ್ತು. ಕೆರೆಯ ನೀರು ಇದ್ದಲ್ಲೇ ಇರುತ್ತದೆ. ಮದುವೆಯಾಗಿ ಕೋಗಿಲಬನಕ್ಕೆ ಬಂದಾಗ ನನಗೆ ಮೊದಲು ಗಲಿಬಿಲಿಯಾಗಿದ್ದು ಕಾಳಿ ನದಿಯನ್ನು ನೋಡಿ. ಇಷ್ಟು ನೀರು ಹಗಲೂ ರಾತ್ರಿ ಎಲ್ಲಿಗೆ ಹೋಗುತ್ತದೆ, ಹೋದದ್ದು ಯಾಕೆ ಖಾಲಿಯಾಗುವುದಿಲ್ಲ ಎಂದು ಯಾರನ್ನು ಕೇಳುವುದು? ಹೊಸ ಸೊಸೆ. ಹೊರಗಿನ ಗಂಡಸರ ಮುಂದೆ ಮಾತಾಡುವ ಹಾಗಿರಲಿಲ್ಲ. ಹೇಳಬೇಕಾದದ್ದನ್ನು ಅತ್ತೆಯ ಕಿವಿಯಲ್ಲಿ ಹೇಳಬೇಕು, ಅತ್ತೆ ಅದನ್ನು ತನ್ನ ದೊಡ್ಡ ದನಿಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ನಿಮ್ಮ ಅಜ್ಜ ಆ ನದಿಯಲ್ಲಿ ದೋಣಿ ದಾಟಿಸುತ್ತಿದ್ದರು. ಆಚೆ ದಡದಿಂದ ಗೌಳಿಗರ ಹೆಂಗಸರು ತುಪ್ಪದ ಗಡಿಗೆ ಹೊತ್ತು ಬರುತ್ತಿದ್ದರು, ಜೊಯಿಡಾ ಕಡೆಯವರು ಚಾಪೆ, ಜೇನು ತರುತ್ತಿದ್ದರು. ಎಲ್ಲರೂ ಈ ದಡಕ್ಕೆ ಇಳಿದು ಹಳಿಯಾಳದ ಸಂತೆಯ ದಾರಿ ಹಿಡಿಯುತ್ತಿದ್ದರು. ಆ ದೋಣಿಗೆ ಎರಡೂ ಕಡೆ ಮೂತಿ. ಎರಡೂ ತುದಿ ಒಂದೇ ಥರ ಚೂಪು. ಯಾಕೆಂದರೆ ಅದನ್ನು ಯಾರೂ ಎಂದೂ ತಿರುಗಿಸುತ್ತಿರಲಿಲ್ಲ. ಮಗ್ಗದ ಲಾಳಿಯ ಹಾಗೆ ಹೋಗುವುದು, ಹಾಗೇ ಬರುವುದು. ಹೋಗುವಾಗ ಅಜ್ಜ ಗಳ, ಅಂದರೆ ಉದ್ದ ಬಿದಿರ ಕೋಲು, ಹಿಡಿದು ಒಂದು ತುದಿಯಲ್ಲಿ ನಿಂತು ಒತ್ತುತ್ತಿದ್ದರು, ಬರುವಾಗ ನಡೆದುಹೋಗಿ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದರು. ನಮ್ಮ ದಡದ ಮರಳಿಗೆ ಯಾವಾಗಲೂ ಒಂದೇ ತುದಿ ತಾಕುತ್ತಿತ್ತು. ಸೋಮವಾರ ಸ್ನಾನ ಮಾಡಿ ಆ ತುದಿಗೆ ಮೂರು ಬೆರಳು ವಿಭೂತಿ ಎಳೆದು ಕುಂಕುಮ ಇಡುವುದು ನನ್ನ ಕೆಲಸ.

ಒಂದು ಮಳೆಗಾಲದ ಕೊನೆಗೆ ಸಾಗವಾನಿಯ ದಿಮ್ಮಿಯೊಂದು ಉರುಳಿ ಅಜ್ಜನ ಬಲಭುಜದ ಮೇಲೆ ಬಿತ್ತು. ಮೂಳೆ ಕೂಡಿತು, ಆದರೆ ತೋಳು ಎದೆಯಿಂದ ಮೇಲಕ್ಕೆ ಏಳಲಿಲ್ಲ. ಗಳ ಹಿಡಿಯುವುದು ನಿಂತಿತು. ದೋಣಿಯನ್ನು ದಡಕ್ಕೆ ಎಳೆದು ಮಗುಚಿದರು. ಬೇಸಿಗೆಯಲ್ಲಿ ಹಲಗೆ ಒಣಗಿ ಬಾಯಿ ಬಿಟ್ಟವು. ಹಳಿಯಾಳದಲ್ಲಿ ಅಜ್ಜನ ಅಣ್ಣ ಇದ್ದರು, ನನಗೆ ಭಾವ. ಅವರು ಬಂದು, "ತಮ್ಮಾ, ದೋಣಿ ನಡೀಲಿಲ್ಲಂದ್ರ ಇಲ್ಲಿ ಏನ್ ಇಟ್ಕೊಂಡು ಇರ್ತೀ? ಮಳಿ ಬೀಳೂದ್ರಾಗ ಗಾಡಿ ತರ್ತೇನಿ, ಎಲ್ಲಾರೂ ನಮ್ಮನಿಗೆ ಬಂದ್ಬಿಡ್ರಿ" ಎಂದರು. ಒಳ್ಳೆಯ ಮಾತೇ. ಆದರೆ ಅಜ್ಜ ಆ ದಿನ ಊಟಕ್ಕೆ ಕೂತವರು ರೊಟ್ಟಿ ಮುರಿದು ಮುರಿದು ಇಟ್ಟರೇ ಹೊರತು ಬಾಯಿಗೆ ಹಾಕಲಿಲ್ಲ. ಅಣ್ಣನ ಹಿತ್ತಲಲ್ಲಿ ಒಂದು ಕೈಯ ಮನುಷ್ಯನಾಗಿ ಕೂರುವುದು ಅವರಿಗೆ ಬೇಕಿರಲಿಲ್ಲ.

ಆಗ ಆ ಇಂಜಿನ್ನು ಬಂತು. ಕಾಡಿನ ಅಳತೆಗೆ ಬಂದಿದ್ದ ಬಿಳಿ ಸಾಹೇಬನೊಬ್ಬ ದಾಂಡೇಲಿ ಬಿಟ್ಟು ಹೋಗುವಾಗ ತನ್ನ ಸಾಮಾನೆಲ್ಲ ಮಾರಿದ. ಅದರಲ್ಲಿ ದೋಣಿಯ ಹೊರಗೆ ನೇತುಹಾಕುವ ಇಂಜಿನ್ನೂ ಇತ್ತು, ಅಜ್ಜ ಅದನ್ನು ಕೊಂಡು ತಂದರು. ಮೇಲೆ ಕುಕ್ಕರುಗಾಲಲ್ಲಿ ಕೂತ ಮುದುಕನ ತಲೆಯಂಥ ಗುಂಡು, ಕೆಳಗೆ ಒಂದೇ ಉದ್ದ ಕಾಲು, ಕಾಲಿನ ತುದಿಗೆ ನೀರು ತಳ್ಳುವ ಪಂಖ. ನಡುವೆ ದೋಣಿಯನ್ನು ಕಚ್ಚಿ ಹಿಡಿಯಲು ಎರಡು ತಿರುಪಿನ ಕಬ್ಬಿಣದ ಹಿಡಿ. ಅದಕ್ಕೆ ಬ್ರಾಕೆಟ್ಟು ಎನ್ನುತ್ತಾರೆಂದು ಹಳಿಯಾಳದ ಮಿಸ್ತ್ರಿ ಹೇಳಿದರು. ಅವರು ಮುಸಲ್ಮಾನರು, ಲಾರಿ ದುರಸ್ತಿ ಮಾಡುತ್ತಿದ್ದರು, ಅಜ್ಜನ ಗೆಳೆಯರು. ದೋಣಿಯ ಇಂಜಿನ್ನನ್ನು ಅವರೂ ಮೊದಲ ಸಲ ನೋಡಿದ್ದು.

ನನಗೆ ಕೊಟ್ಟ ಕೆಲಸ ಅದನ್ನು ತೊಳೆಯುವುದು. ಒಳಗೆ ಇಲಿ ಗೂಡು ಮಾಡಿತ್ತು. ಬೂದಿ, ಹುಣಸೆಹಣ್ಣು ಹಚ್ಚಿ ಪಾತ್ರೆ ಬೆಳಗಿದ ಹಾಗೆ ಬೆಳಗಿದೆ. ಬೆಳಗುವಾಗ ಅದರ ತಲೆ ಬ್ರಾಕೆಟ್ಟಿನೊಳಗೆ ಸುತ್ತ ತಿರುಗುತ್ತಿತ್ತು, ಮಜ್ಜಿಗೆಯ ಕಡಗೋಲಿನ ಹಾಗೆ. ಮಸಿ ಹೋದ ಮೇಲೆ ನೋಡಿದರೆ ಕುತ್ತಿಗೆಯ ಹಿತ್ತಾಳೆ ಸುತ್ತಲೂ ಸವೆದು ಹೊಳೆಯುತ್ತಿತ್ತು. ಹಗ್ಗದಿಂದ ಸವೆದ ಕೊಡದ ಕೊರಳಿನ ಹಾಗೆ ಇದೆಯಲ್ಲ ಅಂದುಕೊಂಡೆ. ಅಷ್ಟೇ. ಅದಕ್ಕೇನು ಅರ್ಥ ಎಂದು ನನಗೆ ಹೊಳೆಯಲಿಲ್ಲ.

ಹೊಸ ಹಲಗೆ ತರುವ ಅನುಕೂಲ ಇರಲಿಲ್ಲ. ದನದ ಕೊಟ್ಟಿಗೆಯ ಬಾಗಿಲು ಬಿಚ್ಚಿ ಕೊಯ್ದು ಕೆಟ್ಟ ಹಲಗೆಯ ಜಾಗಕ್ಕೆ ಕೂಡಿಸಿದರು, ಸಂದಿಗೆ ನಾರು ತುರುಕಿ ರಾಳ ಬಳಿದರು. ಕೊಟ್ಟಿಗೆಗೆ ಗೋಣಿತಟ್ಟು ಕಟ್ಟಿದೆ. ಎಮ್ಮೆ ಬಾಗಿಲೆಲ್ಲಿ ಹೋಯಿತೆಂದು ಕೆಲವು ದಿನ ಒಳಗೆ ಹೋಗಲೇ ಇಲ್ಲ. ಅದಕ್ಕೂ ನನ್ನಷ್ಟೇ ಗಲಿಬಿಲಿ.

ಆಮೇಲೆ ಬಂತು ಬ್ರಾಕೆಟ್ಟಿನ ತಕರಾರು. ಸಾಹೇಬನ ದೋಣಿಯ ಹಿಂಬದಿ ಪೆಟ್ಟಿಗೆಯ ಹಾಗೆ ಚಪ್ಪಟೆ ಇದ್ದಿರಬೇಕು, ಬ್ರಾಕೆಟ್ಟು ಅಂಥ ಹಲಗೆಯನ್ನಷ್ಟೇ ಕಚ್ಚುತ್ತಿತ್ತು. ನಮ್ಮದು ಚೂಪು. ಮಿಸ್ತ್ರಿ ಗರಗಸ ತಂದು, "ಒಂದು ತುದಿ ಕೊಯ್ದು ಸಪಾಟ ಮಾಡೂಣು" ಎಂದರು.

ನಮ್ಮತ್ತೆ ಅಂಗಳದಿಂದಲೇ ಕೂಗಿದರು: "ಏ ಮಿಸ್ತ್ರಿ, ಮೂಗ ಕೊಯ್ಯಾಕ ಬಂದೀಯೇನು? ನಿನ್ನ ಲಾರೀದ ಕೊಯ್ಕೋ ಹೋಗು!"

"ಅವ್ವಾರ, ಲಾರಿಗೆ ಮೂಗ ಐತಿ, ಬೆನ್ನೂ ಐತಿ. ನಿಮ್ಮ ದೋಣಿಗೆ ಎರಡೂ ಕಡೆ ಮೂಗ. ಒಂದು ಹೋದ್ರ ಇನ್ನೊಂದು ಉಳೀತೈತಲ್ರಿ?"

"ನಿನಗೂ ಎರಡು ಕಿವಿ ಅದಾವು. ಬಾ ಇಲ್ಲಿ, ಒಂದು ಕೊಯ್ದ ಕಳಸ್ತೇನಿ."

ಮಿಸ್ತ್ರಿ ಗರಗಸ ಕೆಳಗಿಟ್ಟು ನಕ್ಕರು. ಕೊಯ್ಯುವುದು ಬೇಡ, ಬ್ರಾಕೆಟ್ಟನ್ನೇ ಬದಲು ಮಾಡುವುದು ಎಂದಾಯಿತು. ಮುರಿದ ಚಕ್ಕಡಿ ಗಾಲಿಯ ಕಬ್ಬಿಣದ ಪಟ್ಟಿ ಕಾಸಿ, ಬಡಿದು, ರೆಕ್ಕೆಯಂಥ ಎರಡು ತೋಳು ಮಾಡಿ ಬ್ರಾಕೆಟ್ಟಿಗೆ ಕೂಡಿಸಿದರು. ಆ ತೋಳುಗಳು ದೋಣಿಯ ಚೂಪು ತುದಿಯನ್ನು ಎರಡೂ ಕಡೆಯಿಂದ ತಬ್ಬಬೇಕು, ನಡುವೆ ಒಂದು ಮರದ ತುಂಡು. ಹಾಗೆ ಮಾಡುತ್ತ ಇಂಜಿನ್ನಿನ ತಲೆ ಸುತ್ತ ತಿರುಗುವುದನ್ನು ಕಂಡು ತಲೆ ಅಲ್ಲಾಡಿಸಿದರು. "ನೋಡಪಾ, ಹಳೇ ಮಾಲು. ಕುತ್ತಿಗಿ ಸಡ್ಲಾಗಿ ಗಿರಗಿರ ತಿರಗಾಕ ಹತ್ತೇತಿ. ಇದರ ಔಷಧಾನೂ ಮಾಡ್ತೇನಿ." ತೋಳುಗಳ ಮೇಲಿನ ಕೊನೆಗಳನ್ನು ಎತ್ತರಿಸಿ ತಲೆ ಸುತ್ತ ತಿರುಗದಂತೆ ತಡೆ ಮಾಡಿದರು. ದೋಣಿಗೆ ದಿಕ್ಕು ತೋರಿಸಲು ಬೇಕಾದಷ್ಟು ಆಚೆ ಈಚೆ ಮಾತ್ರ ಅಲುಗುತ್ತಿತ್ತು. ಅಜ್ಜನಿಗೆ ಸಮಾಧಾನವಾಯಿತು.

ಇನ್ನು ಯಾವ ತುದಿಗೆ ಕೂಡಿಸುವುದು? ಇಂಜಿನ್ನು ಹಿಂದೆ ಇರಬೇಕು ಎಂಬುದಷ್ಟೇ ಮಿಸ್ತ್ರಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿ, "ತಂಗೀ, ದಿನಾ ನೋಡಾಕಿ ನೀನು. ಇದರ ಮುಂದ ಯಾವ ಕಡೆ?" ಎಂದರು.

ನಾನು ಸೆರಗು ಎಳೆದುಕೊಂಡು ನಿಂತೆ. ಹೋಗುವಾಗ ಆ ಕಡೆ ಮುಂದೆ, ಬರುವಾಗ ಈ ಕಡೆ ಮುಂದೆ. ಇದಕ್ಕೆ ಏನು ಹೇಳುವುದು? ನೋಡಿದಷ್ಟೂ ನನಗೆ ದೋಣಿಯೇ ತಲೆ ತಿರುಗಿ ನಿಂತ ಹಾಗೆ ಕಂಡಿತು. ಅತ್ತೆಯೇ ತೀರ್ಮಾನ ಕೊಟ್ಟರು: "ವಿಭೂತಿ ಹಚ್ಚೂ ಕಡೆ ಮಾರಿ. ಮಾರಿ ಮ್ಯಾಲೆ ಎಣ್ಣಿ ಸೋರೂ ಸಾಮಾನು ಇಡಬ್ಯಾಡ್ರಿ. ಆ ಕಡೆ ಕಟ್ರಿ." ಎಲ್ಲರೂ ಹೌದೆಂದರು. ಇಂಜಿನ್ನು ನದಿಯ ಕಡೆಯ ತುದಿಗೆ ಕೂತಿತು.

ಇಂಜಿನ್ನು ನಡೆಸಿ ನೋಡುವ ದಿನ ಭಾವ ಚಕ್ಕಡಿ ಕಟ್ಟಿಕೊಂಡೇ ಬಂದರು. ಗಾಡಿಯಲ್ಲಿ ಹುಲ್ಲು ಹಾಸಿತ್ತು, ಪಾತ್ರೆ ಪಡಗ ಒಡೆಯಬಾರದೆಂದು. "ನಡದ್ರ ಛಲೋ. ನಡೀಲಿಲ್ಲಂದ್ರ ಇವತ್ತ ಹೇರೂದು" ಎಂದರು. ಮೋಡ ಆಗಲೇ ಕಪ್ಪಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದ ಕಡೆ ದೂರದಿಂದ ನಡೆದು ದಾಟಿ ಬಂದಿದ್ದ ಗೌಳಿಗರ ಹೆಂಗಸರು ಈಚೆ ದಡದಲ್ಲಿ ಗಡಿಗೆ ಇಳಿಸಿ ನೋಡುತ್ತ ಕೂತರು. ಅಜ್ಜ ದೋಣಿಯಲ್ಲಿ ಕೂತು ಎಡಗೈಯಿಂದ ಹಗ್ಗ ಸುತ್ತಿ ಎಳೆದರು. ಕೆಮ್ಮಿತು. ಇನ್ನೊಮ್ಮೆ ಎಳೆದರು. ದೊಡ್ಡ ಸದ್ದು, ಹೊಗೆ. ಎತ್ತು ಬೆದರಿದವು. ಮತ್ತು ದೋಣಿ ನದಿಗೆ ಹೋಗುವ ಬದಲು ದಡ ಹತ್ತಿತು! ಮರಳು ಕೊರೆದುಕೊಂಡು, ನಾನು ಬಟ್ಟೆ ಒಗೆಯುವ ಕಲ್ಲಿಗೆ ವಿಭೂತಿಯ ಮೂತಿ ಕೊಟ್ಟು ನಿಂತಿತು.

"ಅಯ್ಯ, ದೋಣಿ ಮನ್ಯಾಗ ಬರಾಕ ಹೊಂಟೈತಿ, ಚಾ ಇಡವಾ!" ಎಂದು ಒಬ್ಬ ಗೌಳಿಗರ ಹೆಂಗಸು ನನಗೆ ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಈಗ ಬರೆಯುವಾಗ ಎಷ್ಟು ಸುಲಭ ಅನಿಸುತ್ತದೆ. ಹಿಂದೆ ಕೂತ ಇಂಜಿನ್ನು ಮುಂದಕ್ಕೇ ತಳ್ಳುತ್ತದೆ, ಮುಂದೆ ನಮ್ಮ ಮನೆ ಇತ್ತು. ಆದರೆ ಎಂದೂ ತಿರುಗಿಸದ ದೋಣಿಯನ್ನು ತಿರುಗಿಸಿ ಹೊರಡಬೇಕು ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ.

ಮಿಸ್ತ್ರಿ, ಭಾವ ಸೇರಿ ದೋಣಿಯನ್ನು ನೀರಿಗೆ ನೂಕಿ, ತಿರುಗಿಸಿದರು. ಮಿಸ್ತ್ರಿ ಗಳ ಹಿಡಿದು ಹತ್ತಿದರು. ಹೋಯಿತು, ಚೆನ್ನಾಗಿಯೇ ಹೋಯಿತು. ಆಚೆ ದಡದ ಬಂಡೆಗೆ ಮೂತಿ ತಾಕಿತು. ಈಗ ಮರಳಿ ಬರಲು ಮತ್ತೆ ತಿರುಗಬೇಕು. ಆ ಬಂಡೆಯ ಹತ್ತಿರ ಆಳ, ಸೆಳೆತ ಬೇರೆ. ಮಿಸ್ತ್ರಿ ಗಳ ಊರಿ ತಿರುಗಿಸಲು ಪಟ್ಟ ಪಾಡು ನಾವು ಈ ದಡದಿಂದ ನೋಡಿದೆವು. ಬಂದು ಇಳಿದಾಗ ಅವರ ಟೊಪ್ಪಿಗೆ ನದಿಯ ಪಾಲಾಗಿತ್ತು.

ಭಾವ ಮೆಲ್ಲಗೆ ಹೇಳಿದರು: "ತಮ್ಮಾ, ಪ್ರತಿ ಸಲ ತಿರುಗಸಾಕ ಗಳದಾಂವ ಬೇಕಾದ್ರ, ಇಂಜಿನ್ ಯಾಕ? ಗಳದಾಂವನ್ನ ಇಟ್ಕೊಂಡಂಗ ಆತು." ಅಜ್ಜ ಎಡಗೈಯಿಂದ ಬಲಭುಜ ಹಿಡಿದುಕೊಂಡು ಮರಳಿನ ಮೇಲೆ ಕೂತರು. ಭಾವ ಒಳಗೆ ಹೋಗಿ ಬೀಸುವ ಕಲ್ಲು ಎತ್ತಿ ತಂದು ಗಾಡಿಯಲ್ಲಿಟ್ಟರು.

ಬೀಸುವ ಕಲ್ಲು ಹೋದದ್ದನ್ನು ನೋಡಿ ನನಗೆ ಏನೋ ಆಯಿತು. ಆ ಕಲ್ಲು ಸುತ್ತ ತಿರುಗಿ ಗೂಟ ಸುತ್ತಲೂ ಸವೆದಿತ್ತು. ಇಂಜಿನ್ನಿನ ಕುತ್ತಿಗೆಯೂ ಸುತ್ತಲೂ ಸವೆದಿತ್ತಲ್ಲ? ಸಡಿಲಾಗಿ ತಿರುಗಿದ್ದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆಯಬೇಕಿತ್ತು. ಅಥವಾ ಹಾಗೇನೂ ಇಲ್ಲವೋ? ನನಗೆ ಖಾತ್ರಿ ಇರಲಿಲ್ಲ. ಇಂಜಿನ್ನಿನ ವಿಷಯ ನನಗೇನು ಗೊತ್ತು? ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಮುಂದೆ ಒರಳುಕಲ್ಲೂ ಗಾಡಿ ಹತ್ತುತ್ತದೆ. ಅತ್ತೆಯ ಸೆರಗು ಹಿಡಿದು ಕಿವಿಯಲ್ಲಿ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಮೊದಲ ಸಲ ನನಗೇ ತಿಳಿಯದ ಹಾಗೆ ಹೇಳಿದ್ದೆ.

ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಏ ಮಿಸ್ತ್ರಿ! ನೀ ಔಷಧಾ ಮಾಡೂಕಿಂತ ಮೊದಲ ಅದರ ತಲಿ ಸುತ್ತ ತಿರಗತಿತ್ತಂತ. ಕುತ್ತಿಗಿ ಸುತ್ತೂ ಸರಿಯಾಗಿ ಸವದೈತಂತ, ಕೊಡದ ಕೊರಳಗತೆ. ಸಾಹೇಬ ತಿರಗಸದ ಹೆಂಗ ಸವೀತು ಅಂತ ಕೇಳಾಕತ್ತಾಳ ನನ್ನ ಸೊಸಿ."

ಮಿಸ್ತ್ರಿ ಒದ್ದೆ ತಲೆ ಒರೆಸುತ್ತಿದ್ದವರು ಹಾಗೇ ನಿಂತರು. ಇಂಜಿನ್ನಿನ ಹತ್ತಿರ ಹೋಗಿ ಕುತ್ತಿಗೆಯ ಮೇಲೆ ಬೆರಳು ಆಡಿಸಿದರು. ಆಮೇಲೆ ಹಣೆ ಬಡಿದುಕೊಂಡರು. "ಯಾ ಅಲ್ಲಾ! ತಲಿ ತಿರುವಿದ್ರ ಪಂಖಾನೂ ತಿರಗತೈತಿ, ದೋಣಿ ಉಲ್ಟಾ ಹೋಕ್ಕೈತಿ! ಅದರ ಗುಣಾ ಅದು. ನಾ ರೋಗ ಅಂತ ತಿಳದು ಕಟ್ಟಿ ಹಾಕೇನಿ."

"ಔಷಧ ಮಾಡಿ ರೋಗಿನ್ನ ಕೊಂದೀ" ಎಂದರು ಅತ್ತೆ.

ಬ್ರಾಕೆಟ್ಟು ಬಿಚ್ಚಿ, ತೋಳುಗಳ ಮೇಲಿನ ಕೊನೆಗಳನ್ನು ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದು ತುಂಡರಿಸಿದರು. ಭಾವನೇ ಕಬ್ಬಿಣ ಹಿಡಿದುಕೊಂಡರು. ಮತ್ತೆ ಕೂಡಿಸಿ ತಲೆ ತಿರುವಿದರೆ ಪೂರ್ತಿ ಸುತ್ತು ಬಂತು. ಅಜ್ಜ ಒಬ್ಬರೇ ಹತ್ತಿದರು. ಪಂಖವನ್ನು ತಿರುಗುಮುರುಗು ಮಾಡಿ ಹಗ್ಗ ಎಳೆದರು. ದೋಣಿ ಮರಳಿನಿಂದ ಹಿಂದಕ್ಕೆ ಸರಿದು ನದಿಗೆ ಹೋಯಿತು, ತಿರುಗದೆ, ಎಂದಿನ ಹಾಗೆ. ಬಂಡೆಯ ಮಗ್ಗುಲಿಗೆ ಹೋಗಿ ನಿಂತಿತು. ಅಲ್ಲಿ ಅಜ್ಜ ತಲೆ ನೆಟ್ಟಗೆ ಮಾಡಿ ಹಗ್ಗ ಎಳೆದದ್ದು ಕಂಡಿತು. ವಿಭೂತಿಯ ಮೂತಿ ನಮ್ಮ ಕಡೆ ಬರತೊಡಗಿತು. ಒಂದು ಕೈಯಿಂದಲೇ ಬಂದರು.

ಭಾವ ಬೀಸುವ ಕಲ್ಲು ಇಳಿಸಿ ಒಳಗಿಟ್ಟರು. ಗಾಡಿಯ ಹುಲ್ಲನ್ನು ನಮ್ಮ ಎಮ್ಮೆಗೆ ಹಾಕಿ, ಬರಿ ಗಾಡಿ ಹೊಡೆದುಕೊಂಡು ಹೋದರು.

ಮುಂದೆ ಯುದ್ಧ ಬಂದು ಪೆಟ್ರೋಲು ಸಿಗದಾಯಿತು. ಅಷ್ಟರಲ್ಲಿ ಅಜ್ಜನ ತೋಳು ಸ್ವಲ್ಪ ಎದ್ದಿತ್ತು, ಗಳ ಹಿಡಿಯುವಷ್ಟು. ಇಂಜಿನ್ನು ಯಾರೋ ಒಯ್ದರು, ಬ್ರಾಕೆಟ್ಟು ಮಾತ್ರ ಕೊಡಬೇಡಿ ಎಂದು ನಾನು ಬಾಯಿ ಬಿಟ್ಟು ಹೇಳಿದ್ದೆ.

ಆ ದಿನದ ಮುಂದಿನ ಸೋಮವಾರ ವಿಭೂತಿ ಹಿಡಿದು ದೋಣಿಯ ಮುಂದೆ ನಿಂತಾಗ ನನಗೆ ಮತ್ತೆ ಗೊತ್ತಾಗಲಿಲ್ಲ, ಮುಂದೆ ಯಾವುದು ಎಂದು. ಅಜ್ಜ ನೋಡಿ ನಕ್ಕು, "ಈಗರ ಹೇಳು" ಎಂದರು. ನಾನು ಈ ತುದಿಗೆ ಮೂರು ಬೆರಳು ಎಳೆದೆ, ಮೊಣಕಾಲು ನೀರಲ್ಲಿ ನಡೆದು ಹೋಗಿ ಆ ಇಂಜಿನ್ನಿನ ತಲೆಗೂ ಎಳೆದೆ. ಅಜ್ಜ ತೀರಿಹೋದ ಮೇಲೂ ಎಷ್ಟೋ ಸಲ ಯೋಚಿಸಿದ್ದೇನೆ. ಈಗಲೂ ಗೊತ್ತಿಲ್ಲ.

ಈ ಹಾಳೆಗಳನ್ನು ಚೀಲ ಹೊಲಿಯುವ ದಾರದಿಂದ ಹೊಲಿದಿದ್ದೇನೆ, ಬಿಚ್ಚಬೇಡಿರಿ. ಬಿಸ್ಕೀಟಿನ ಡಬ್ಬಿಯಲ್ಲಿ ಬೇವಿನ ಎಲೆ ಹಾಕಿ ಒಣ ಜಾಗದಲ್ಲಿ ಇಡಿರಿ. ಗೆದ್ದಲು ತಿಂದುಬಿಟ್ಟರೆ ಗೋಡೆಯ ಮೇಲಿನ ಆ ಕಬ್ಬಿಣದ ತೋಳುಗಳು ಯಾಕೆ ಅರ್ಧಕ್ಕೆ ತುಂಡಾಗಿವೆ ಎಂದು ಹೇಳುವವರು ಯಾರೂ ಉಳಿಯುವುದಿಲ್ಲ. ಟವೆಲ್ಲು ಬೇಕಾದರೆ ನೇತುಹಾಕಿಕೊಳ್ಳಿರಿ.